ಬ್ರೇಕಿನ ದ್ರವಕ್ಕೂ ವಯಸ್ಸುಂಟು

ಬೆಂಗಳೂರಿನ ಪೂರ್ವಭಾಗದ ಲಿಂಗರಾಜಪುರದಲ್ಲಿ, ವಿಶೇಷವಾಗಿ ಹೆಣ್ಣೂರು ರಸ್ತೆಯ ಆಸುಪಾಸಿನಲ್ಲಿ, ಮೋಟಾರು ಸೈಕಲುಗಳನ್ನೂ ಸ್ಕೂಟರುಗಳನ್ನೂ ರಿಪೇರಿ ಮಾಡುವ ಗ್ಯಾರೇಜುಗಳಿಗೆ ಕೊರತೆಯಿಲ್ಲ. ಅಂಥ ಯಾವುದಾದರೊಂದು ಗ್ಯಾರೇಜಿನ ಮುಂದೆ ಅರ್ಧ ಗಂಟೆ ನಿಂತು ಕಿವಿಗೊಟ್ಟರೆ ನಮ್ಮ ಜನರಿಗೆ ತಮ್ಮ ವಾಹನದ ಯಾವ ಭಾಗದ ಮೇಲೆ ಕಾಳಜಿಯಿದೆಯೆಂಬುದು ಚೆನ್ನಾಗಿ ತಿಳಿಯುತ್ತದೆ. ಎಂಜಿನ್ ಆಯಿಲ್ ಯಾವ ಕಂಪನಿಯದು, ಚೈನು ಏಕೆ ಸದ್ದು ಮಾಡುತ್ತಿದೆ, ಮೈಲೇಜು ಏಕೆ ಇಳಿದಿದೆ ಎಂದು ಒಂದರ ಮೇಲೊಂದು ಪ್ರಶ್ನೆ ಬರುತ್ತದೆ. ಬ್ರೇಕಿನ ಮಾತಿಗೆ ಬಂದರೆ ಒಂದೇ ಪ್ರಶ್ನೆ: "ಹಿಡಿಯುತ್ತದೆಯೆ?" ಹಿಡಿಯುತ್ತದೆ ಎಂಬ ಉತ್ತರ ಸಿಕ್ಕಿತೆಂದರೆ ಅಲ್ಲಿಗೆ ಆ ವಿಷಯ ಮುಗಿಯಿತು. ಹ್ಯಾಂಡಲಿನ ಬಲಗಡೆ ಕುಳಿತಿರುವ ಪುಟ್ಟ ಡಬ್ಬಿಯೊಳಗಿನ ದ್ರವ ಎಷ್ಟು ವರ್ಷದ್ದು ಎಂದು ಕೇಳುವವರು ವಿರಳ. ಬಲುಮಟ್ಟಿಗೆ ಅದು ವಾಹನ ಕಾರ್ಖಾನೆಯಿಂದ ಹೊರಬಿದ್ದ ದಿನ ತುಂಬಿದ ದ್ರವವೇ ಆಗಿರುತ್ತದೆ.

ಈ ಉದಾಸೀನವು ತಪ್ಪೆಂದೂ, ಆ ದ್ರವವನ್ನು ಓಡಿದ ದೂರ ನೋಡಿ ಅಲ್ಲ, ಕಳೆದ ಕಾಲ ನೋಡಿ ಬದಲಾಯಿಸಬೇಕೆಂದೂ, ಇದನ್ನು ಮೊದಲು ಅರಿಯಬೇಕಾದವರು ಭೌತಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿಗಳೆಂದೂ ನನ್ನ ಅಭಿಪ್ರಾಯ. ವಿದ್ಯಾರ್ಥಿಗಳನ್ನೇ ಹೆಸರಿಸುವುದಕ್ಕೆ ಕಾರಣವಿದೆ. ಡಿಸ್ಕ್ ಬ್ರೇಕುಳ್ಳ ವಾಹನಗಳಲ್ಲಿ ಕಾಲೇಜಿಗೆ ಬರುವವರು ಅವರು. ಪಾಸ್ಕಲನ ನಿಯಮವನ್ನು ಕಂಠಪಾಠ ಮಾಡಿದವರೂ ಅವರೇ. ಇವೆರಡರ ನಡುವೆ ಇರುವ ಸಂಬಂಧವನ್ನು ಮಾತ್ರ ಅವರಿಗೆ ಯಾರೂ ಹೇಳಿಲ್ಲ.

ದ್ರವದ ಒಂದು ಭಾಗದ ಮೇಲೆ ಹೇರಿದ ಒತ್ತಡವು ಅದರ ಎಲ್ಲ ಭಾಗಗಳಿಗೂ ಕುಂದದೆ ಹರಡುತ್ತದೆಂಬುದು ಬ್ಲೇಸ್ ಪಾಸ್ಕಲನ ನಿಯಮ. ಅವನ ಗ್ರಂಥ ಪ್ರಕಟವಾದದ್ದು ಅವನು ತೀರಿಕೊಂಡ ಮರುವರ್ಷ, ೧೬೬೩ರಲ್ಲಿ. ಇಂಗ್ಲೆಂಡಿನ ಜೋಸೆಫ್ ಬ್ರಾಮ ಇದೇ ತತ್ತ್ವದ ಮೇಲೆ ೧೭೯೫ರಲ್ಲಿ ಒತ್ತುಯಂತ್ರವನ್ನು ಕಟ್ಟಿದ. ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತವೆ. ಆದರೆ ನಿಮ್ಮ ಮೋಟಾರು ಸೈಕಲಿನ ಮುಂದಿನ ಬ್ರೇಕು ಬ್ರಾಮನ ಯಂತ್ರದ ಮೊಮ್ಮಗುವೇ ಸರಿ. ಒಂದು ಲೆಕ್ಕ ಹಾಕಿ ನೋಡೋಣ. ಬೆರಳುಗಳಿಂದ ಬ್ರೇಕಿನ ಹಿಡಿಯನ್ನು ೧೦ ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆದಿರೆನ್ನಿ. ಹಿಡಿಯು ಸನ್ನೆಗೋಲಾಗಿ ಕೆಲಸಮಾಡಿ ಆ ಬಲವನ್ನು ಐದು ಪಟ್ಟು ಮಾಡಿದರೆ ಮೇಲಿನ ಚಿಕ್ಕ ಪಿಸ್ಟನ್ನಿನ ಮೇಲೆ ಬೀಳುವುದು ೫೦ ಕಿಲೋಗ್ರಾಂ. ಆ ಪಿಸ್ಟನ್ನಿನ ಅಡ್ಡಕೊಯ್ತ ೧.೨೫ ಚದರ ಸೆಂಟಿಮೀಟರಾದರೆ ದ್ರವದಲ್ಲಿ ಉಂಟಾಗುವ ಒತ್ತಡ ಚದರ ಸೆಂಟಿಮೀಟರಿಗೆ ೪೦ ಕಿಲೋಗ್ರಾಂ, ಎಂದರೆ ವಾತಾವರಣದ ಒತ್ತಡದ ಸುಮಾರು ೪೦ರಷ್ಟು. ಚಕ್ರದ ಬಳಿ ಇರುವ ದೊಡ್ಡ ಪಿಸ್ಟನ್ನಿನ ವಿಸ್ತಾರ ೮ ಚದರ ಸೆಂಟಿಮೀಟರಿದ್ದರೆ ಬ್ರೇಕ್ ಪ್ಯಾಡು ಬಿಲ್ಲೆಯನ್ನು ೩೨೦ ಕಿಲೋಗ್ರಾಂ ತೂಕದ ಬಲದಿಂದ ಅಮುಕುತ್ತದೆ. ಮೂರು ಬೆರಳಿನ ಎಳೆತಕ್ಕೆ ಇಷ್ಟು ಫಲ!

ಈ ಲೆಕ್ಕವನ್ನು ನಮ್ಮ ಹುಡುಗರು ಕಣ್ಣುಮುಚ್ಚಿ ಮಾಡಬಲ್ಲರು. ಆದರೆ ಲೆಕ್ಕದೊಳಗೆ ಸದ್ದಿಲ್ಲದೆ ಕುಳಿತಿರುವ ಒಂದು ಷರತ್ತುಂಟು: ದ್ರವವು ಅಮುಕಿದರೆ ಕುಗ್ಗಕೂಡದು. ಪರೀಕ್ಷೆಯ ಪ್ರಶ್ನೆಯಲ್ಲಿ ದ್ರವ ಎಂದಿಗೂ ಕುಗ್ಗುವುದಿಲ್ಲ. ಅದಕ್ಕೆ ಹೆಸರಿಲ್ಲ, ಬಣ್ಣವಿಲ್ಲ, ವಯಸ್ಸಿಲ್ಲ. ರಸ್ತೆಯ ಮೇಲಿನ ದ್ರವಕ್ಕೆ ಇವೆಲ್ಲವೂ ಇವೆ.

ಮೊದಲು ಹೆಸರನ್ನೇ ನೋಡಿ. ಲಿಂಗರಾಜಪುರದ ಗ್ಯಾರೇಜುಗಳಲ್ಲಿ ಕನ್ನಡ, ತಮಿಳು, ಉರ್ದು ಮೂರೂ ಕೇಳಿಬರುತ್ತವೆ. ಮೂರರಲ್ಲಿಯೂ ಇದರ ಹೆಸರು 'ಬ್ರೇಕ್ ಆಯಿಲ್' ಎಂದೇ. ಆದರೆ ಇದು ಎಣ್ಣೆಯಲ್ಲ. ಎಣ್ಣೆಯಾಗಿದ್ದರೆ ನೀರಿನೊಡನೆ ಬೆರೆಯುತ್ತಿರಲಿಲ್ಲ. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಬ್ರೇಕಿನ ದ್ರವವು ಗ್ಲೈಕಾಲ್ ಈಥರುಗಳೆಂಬ ರಾಸಾಯನಿಕಗಳಿಂದ ಆದದ್ದು, ನೀರಿನಲ್ಲಿ ಸಲೀಸಾಗಿ ಕರಗತಕ್ಕದ್ದು. ಹೆಸರಿನ ತಪ್ಪು ಬರಿಯ ಪಂಡಿತರ ತಕರಾರೆಂದು ತಿಳಿಯಬೇಡಿ. 'ಆಯಿಲ್' ಎಂಬ ಮಾತನ್ನು ನಂಬಿ ಯಾರಾದರೂ ಎಂಜಿನ್ ಆಯಿಲನ್ನೋ ಬೇರೆ ಖನಿಜ ತೈಲವನ್ನೋ ಆ ಡಬ್ಬಿಗೆ ಸುರಿದರೆ ಒಳಗಿನ ರಬ್ಬರಿನ ಬಳೆಗಳು ಊದಿಕೊಂಡು ಬ್ರೇಕೇ ಕೆಡುತ್ತದೆ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಸಾಧ್ಯ. ಕೆಲವು ಬೆಲೆಬಾಳುವ ಬೈಸಿಕಲ್ಲುಗಳ ದ್ರವಬ್ರೇಕುಗಳಲ್ಲಿ ಖನಿಜ ತೈಲವನ್ನೇ ಬಳಸುತ್ತಾರೆ. ಅವಕ್ಕೆ ಗ್ಲೈಕಾಲ್ ದ್ರವವನ್ನು ಹಾಕಕೂಡದು.

ಮೊಟ್ಟಮೊದಲಲ್ಲಿ ಮಾತ್ರ ಇದರಲ್ಲಿ ಎಣ್ಣೆಯ ಪಾಲಿತ್ತು ಎಂಬುದನ್ನು ಒಪ್ಪಬೇಕು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ೧೯೧೭ರಲ್ಲಿ ದ್ರವಬ್ರೇಕಿಗೆ ಪೇಟೆಂಟ್ ಪಡೆದ. ೧೯೨೧ರಲ್ಲಿ ಡ್ಯೂಸನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ಅದು ಬಂತು. ಆ ಕಾಲದ ದ್ರವಗಳಲ್ಲಿ ನಮ್ಮ ಅಜ್ಜಿಯರಿಗೆ ಚಿರಪರಿಚಿತವಾದ ಹರಳೆಣ್ಣೆಯನ್ನು ಆಲ್ಕೊಹಾಲಿನೊಡನೆ ಬೆರೆಸಿ ಬಳಸುತ್ತಿದ್ದುದುಂಟು. ಹರಳೆಣ್ಣೆ ರಬ್ಬರನ್ನು ಕೆಡಿಸದು. ಆದರೆ ಆಲ್ಕೊಹಾಲು ಬೇಗ ಕುದಿಯುವ ಪದಾರ್ಥ. ಎರಡನೆಯ ಮಹಾಯುದ್ಧದ ಕಾಲದ ಜೀಪುಗಳಿಗೆ ದ್ರವಬ್ರೇಕೇ ಇದ್ದಿತು. ವಾಹನಗಳ ವೇಗವೂ ತೂಕವೂ ಏರಿದಂತೆಲ್ಲ ಹೆಚ್ಚು ಶಾಖವನ್ನು ತಡೆಯಬಲ್ಲ ದ್ರವ ಬೇಕಾಯಿತು. ಹೀಗೆ ಗ್ಲೈಕಾಲ್ ಈಥರುಗಳು ಹರಳೆಣ್ಣೆಯ ಸ್ಥಾನಕ್ಕೆ ಬಂದವು.

ಈಗ ಮುಖ್ಯ ವಿಷಯಕ್ಕೆ ಬರೋಣ. ಗ್ಲೈಕಾಲ್ ದ್ರವವು ತೇವಗ್ರಾಹಿ. ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಉಪ್ಪಿನ ಭರಣಿ ಹೇಗೆ ಒದ್ದೆಯಾಗುತ್ತದೆಂಬುದನ್ನು ನಿಮ್ಮ ಅಡಿಗೆಮನೆಯಲ್ಲಿ ನೋಡಿರುವಿರಷ್ಟೆ. ಬ್ರೇಕಿನ ದ್ರವವೂ ಗಾಳಿಯಲ್ಲಿನ ನೀರಾವಿಯನ್ನು ಹಾಗೆಯೇ ಹೀರುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿರುವಾಗ ನೀರು ಒಳಗೆ ಹೋಗುವುದು ಹೇಗೆಂದು ನೀವು ಕೇಳಬಹುದು. ಚಕ್ರದ ತನಕ ದ್ರವವನ್ನು ಒಯ್ಯುವ ರಬ್ಬರಿನ ಕೊಳವೆ ನಮ್ಮ ಕಣ್ಣಿಗೆ ಗಟ್ಟಿ, ನೀರಿನ ಅಣುವಿಗೆ ಅಲ್ಲ. ಅಣುಗಳು ರಬ್ಬರಿನ ಮೂಲಕ, ಸೀಲುಗಳ ಮೂಲಕ, ನಿಧಾನವಾಗಿ ಒಳಸೇರುತ್ತವೆ. ಮುಚ್ಚಳವನ್ನು ತೆರೆದಾಗಲೆಲ್ಲ ಇನ್ನಷ್ಟು. ಹೀಗೆ ಸೇರುವ ನೀರು ಹವೆಯನ್ನೂ ಕೊಳವೆಯ ಗುಣವನ್ನೂ ಅನುಸರಿಸಿ ವರ್ಷಕ್ಕೆ ಸಾಮಾನ್ಯವಾಗಿ ಶೇಕಡಾ ೧ರಿಂದ ೨. ಬೆಂಗಳೂರಿನ ಹವೆ ಹಿತವೆಂದು ಹೆಸರಾಗಿದೆ. ಆದರೂ ಮಳೆಗಾಲದ ಬೆಳಗುಗಳಲ್ಲಿ ಇಲ್ಲಿಯ ಸಾಪೇಕ್ಷ ಆರ್ದ್ರತೆ ಶೇಕಡಾ ೮೦ನ್ನು ಮೀರುವುದು ಸಾಮಾನ್ಯ. ಮಂಗಳೂರು, ಕಾರವಾರಗಳ ಮಾತನ್ನು ಹೇಳಬೇಕಾದುದೇ ಇಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಹೀರುವ ಕೆಲಸಕ್ಕೆ ವಾಹನ ಓಡಲೇಬೇಕೆಂದಿಲ್ಲ. ಎಂಜಿನ್ ಆಯಿಲು ಎಂಜಿನ್ ತಿರುಗಿದಷ್ಟು ಸವೆಯುತ್ತದೆ, ಟಯರು ನೆಲ ಮುಟ್ಟಿದಷ್ಟು ಸವೆಯುತ್ತದೆ. ಬ್ರೇಕಿನ ದ್ರವವಾದರೋ ಮನೆಯ ಮುಂದೆ ನಿಂತಿರುವಾಗಲೂ ಮುಪ್ಪಾಗುತ್ತದೆ. ಅಜ್ಜನ ಸ್ಕೂಟರು ತಿಂಗಳಿಗೊಮ್ಮೆ ಬ್ಯಾಂಕಿಗೆ ಮಾತ್ರ ಹೋಗುತ್ತದೆ, ಅದಕ್ಕೇನಾಗಬೇಕು ಎಂಬ ವಾದ ಆದುದರಿಂದ ನಿಲ್ಲದು.

ನೀರು ಸೇರಿದರೆ ಬರುವ ಕೇಡೇನು? ಡಬ್ಬಿಯ ಮುಚ್ಚಳದ ಮೇಲೆ 'ಡಾಟ್ ೩' ಅಥವಾ 'ಡಾಟ್ ೪' ಎಂದು ಅಚ್ಚೊತ್ತಿರುವುದನ್ನು ನೀವು ನೋಡಿರಬಹುದು. ಅದು ಅಮೆರಿಕದ ಸಾರಿಗೆ ಇಲಾಖೆಯ ದರ್ಜೆ, ಲೋಕವೆಲ್ಲ ಅದನ್ನು ಅನುಸರಿಸುತ್ತದೆ. ಈ ದರ್ಜೆಗಳಲ್ಲಿ ಪ್ರತಿಯೊಂದಕ್ಕೂ ಎರಡು ಕುದಿಬಿಂದುಗಳನ್ನು ಗೊತ್ತುಪಡಿಸಿದ್ದಾರೆ: ಹೊಸ ದ್ರವದ್ದು ಒಂದು, ಶೇಕಡಾ ೩.೭ರ ಸುಮಾರು ನೀರು ಹೀರಿದ ದ್ರವದ್ದು ಇನ್ನೊಂದು. ಡಾಟ್ ೩ ಹೊಸದಾಗಿರುವಾಗ ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್ ತನಕ ಕುದಿಯಕೂಡದು, ನೀರು ಸೇರಿದ ಮೇಲೆ ೧೪೦ ಡಿಗ್ರಿ. ಡಾಟ್ ೪ಕ್ಕೆ ೨೩೦ ಮತ್ತು ೧೫೫. ನೂರು ಪಾಲಿನಲ್ಲಿ ನಾಲ್ಕು ಪಾಲೂ ಇಲ್ಲದ ನೀರು ಕುದಿಬಿಂದುವನ್ನು ೬೫, ೭೫ ಡಿಗ್ರಿಗಳಷ್ಟು ಕೆಳಗೆ ಎಳೆದುಬಿಡುತ್ತದೆ. ದ್ರಾವಣಗಳ ಪಾಠವನ್ನು ಓದಿದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಹಾಗಾದರೆ ನೀರನ್ನು ಹೀರದ ದ್ರವವನ್ನೇ ಬಳಸಬಾರದೆ? ಅಂಥದೂ ಉಂಟು. ಡಾಟ್ ೫ ಎಂಬುದು ಸಿಲಿಕೋನಿನಿಂದ ಆದದ್ದು, ನೇರಿಳೆ ಬಣ್ಣದ್ದು, ನೀರನ್ನು ಹತ್ತಿರ ಸೇರಿಸದು. ಮೇಲುನೋಟಕ್ಕೆ ಇದೇ ಮೇಲೆನಿಸುತ್ತದೆ. ಆದರೆ ಹೇಗೋ ಒಳಹೊಕ್ಕ ನೀರು ಅದರಲ್ಲಿ ಬೆರೆಯದೆ ತಗ್ಗಿದ್ದ ಕಡೆ ಹನಿಗಟ್ಟಿ ನಿಲ್ಲುತ್ತದೆ. ತಗ್ಗು ಎಂದರೆ ಚಕ್ರದ ಪಕ್ಕ, ಬಿಸಿ ಎಲ್ಲಕ್ಕಿಂತ ಹೆಚ್ಚಾಗಿರುವ ಜಾಗ. ಅಲ್ಲಿ ಅದು ಲೋಹವನ್ನು ತುಕ್ಕು ಹಿಡಿಸುತ್ತದೆ, ಮತ್ತು ೧೦೦ ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಗ್ಲೈಕಾಲ್ ದ್ರವವು ಅದೇ ನೀರನ್ನು ತನ್ನೊಳಗೆ ಕರಗಿಸಿಕೊಂಡು ೧೪೦ ಡಿಗ್ರಿಯ ತನಕವಾದರೂ ಹಿಡಿದಿಡುತ್ತದೆ. ಆದುದರಿಂದ ಅದರ ದಾಹವನ್ನು ದೋಷವೆನ್ನುವುದಕ್ಕೆ ನನಗೆ ಮನಸ್ಸು ಬಾರದು. ಅದು ನಮ್ಮ ಪರವಾಗಿ ನೀರನ್ನು ಕುಡಿದು ಕಾಯುತ್ತದೆ, ಕುಡಿಯುವುದಕ್ಕೆ ಮಿತಿಯಿದೆಯೆಂಬುದನ್ನು ನಾವು ಮರೆಯಕೂಡದು, ಅಷ್ಟೆ. ಅಂದಹಾಗೆ ಡಾಟ್ ೫.೧ ಎಂಬುದು ಮತ್ತೆ ಗ್ಲೈಕಾಲ್ ವರ್ಗದ್ದೇ. ಡಾಟ್ ೫ಕ್ಕೆ ಹೆಸರಿನಲ್ಲಿ ಹತ್ತಿರ, ಗುಣದಲ್ಲಿ ದೂರ. ಇವೆರಡನ್ನು ಒಂದರೊಳಗೊಂದು ಬೆರೆಸಬಾರದು.

೧೪೦ ಡಿಗ್ರಿ ಸಾಲದೆ ಎಂದು ಕೇಳುವವರಿಗೆ ಲಿಂಗರಾಜಪುರದ ತರುಣರ ಭಾನುವಾರದ ಅಭ್ಯಾಸವನ್ನು ನೆನಪಿಸುತ್ತೇನೆ. ನಸುಕಿನಲ್ಲೆದ್ದು ಗುಂಪುಗುಂಪಾಗಿ ಮೋಟಾರು ಸೈಕಲುಗಳ ಮೇಲೆ ನಂದಿಬೆಟ್ಟಕ್ಕೆ ಹೋಗಿ ಸೂರ್ಯೋದಯವನ್ನು ನೋಡುವುದು, ಒಂಬತ್ತು ಗಂಟೆಯ ವೇಳೆಗೆ ಇಳಿಯುವುದು. ನಂದಿಯ ನೆತ್ತಿ ಸಮುದ್ರಮಟ್ಟದಿಂದ ೧೪೭೮ ಮೀಟರು. ತಿರುವಿನ ರಸ್ತೆಯಲ್ಲಿ ೪೦೦ ಮೀಟರಿನಷ್ಟು ಕೆಳಗಿಳಿಯುತ್ತೇವೆಂದು ಲೆಕ್ಕಕ್ಕಾಗಿ ಹಿಡಿಯೋಣ. ಗಾಡಿ ೧೫೦ ಕಿಲೋಗ್ರಾಂ, ಇಬ್ಬರು ಸವಾರರು ೧೩೦, ಒಟ್ಟು ೨೮೦. ಇದನ್ನು ೯.೮ರಿಂದಲೂ ೪೦೦ರಿಂದಲೂ ಗುಣಿಸಿದರೆ ಸುಮಾರು ೧೧ ಲಕ್ಷ ಜೂಲುಗಳ ಸ್ಥಾನಶಕ್ತಿ. ೨೫ ಡಿಗ್ರಿಯಲ್ಲಿರುವ ಮೂರೂವರೆ ಲೀಟರು ನೀರನ್ನು ಕುದಿಸುವುದಕ್ಕೆ ಸಾಲುವಷ್ಟು ಶಕ್ತಿ ಇದು. ಬೆಟ್ಟದ ಬುಡಕ್ಕೆ ಬಂದು ನಿಂತಾಗ ಇದಷ್ಟೂ ಎಲ್ಲಿಯೋ ಶಾಖವಾಗಿ ವ್ಯಯವಾಗಿರಲೇಬೇಕು. ಗಾಳಿಯ ತಡೆಗೆ ಒಂದು ಪಾಲು, ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನಿಗೆ ಇನ್ನೊಂದು ಪಾಲು. ಅರ್ಧ ಮಾತ್ರ ಮುಂದಿನ ಬ್ರೇಕಿಗೆ ಬಿತ್ತೆನ್ನಿ. ಒಂದು ಕಿಲೋಗ್ರಾಂ ತೂಗುವ ಉಕ್ಕಿನ ಬಿಲ್ಲೆ ಆ ಶಾಖವನ್ನೆಲ್ಲ ತನ್ನಲ್ಲೇ ಇಟ್ಟುಕೊಂಡರೆ ಅದರ ಉಷ್ಣತೆ ಸಾವಿರ ಡಿಗ್ರಿಗೂ ಮೀರಿ ಏರಬೇಕು! ಬೀಸುವ ಗಾಳಿ ಬಹುಪಾಲನ್ನು ಒಯ್ಯುವುದರಿಂದ ಹಾಗಾಗುವುದಿಲ್ಲ. ಆದರೆ ಹಿಡಿಯನ್ನು ಬಿಡದೆ ಒತ್ತಿಕೊಂಡೇ ಇಳಿಯುವವನ ಬಿಲ್ಲೆ ಇನ್ನೂರು, ಮುನ್ನೂರು ಡಿಗ್ರಿಗೆ ಏರುವುದರಲ್ಲಿ ಆಶ್ಚರ್ಯವಿಲ್ಲ. ಆ ಶಾಖ ಪ್ಯಾಡಿನ ಮೂಲಕ, ಪಿಸ್ಟನ್ನಿನ ಮೂಲಕ ದ್ರವಕ್ಕೆ ಸಾಗುತ್ತದೆ.

ಈಗ ನಡೆಯುವುದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಇದನ್ನು ಸರಿಯಾಗಿ ತಿಳಿಸುವ ಬರಹ ಕಡಮೆ. ಹಿಡಿಯನ್ನು ಒತ್ತಿರುವಷ್ಟು ಹೊತ್ತು ದ್ರವದ ಮೇಲೆ ಹತ್ತಾರು ವಾತಾವರಣಗಳ ಒತ್ತಡವಿರುತ್ತದೆ. ಒತ್ತಡದಲ್ಲಿ ಕುದಿಬಿಂದು ಏರುವುದರಿಂದ ಅದು ಕುದಿಯದು. ತಿರುವು ಮುಗಿದು ನೇರವಾದ ದಾರಿ ಸಿಕ್ಕಿದಾಗ ಸವಾರ ಹಿಡಿಯನ್ನು ಬಿಡುತ್ತಾನೆ. ಒತ್ತಡ ಒಮ್ಮೆಗೇ ಇಳಿಯುತ್ತದೆ, ಬಿಸಿ ಹಾಗೆಯೇ ಉಳಿದಿರುತ್ತದೆ. ಆ ಕ್ಷಣದಲ್ಲಿ ಚಕ್ರದ ಬಳಿಯ ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಗುಳ್ಳೆಗಳು ತಮಗೆ ಬೇಕಾದ ಜಾಗವನ್ನು ಮಾಡಿಕೊಳ್ಳಲು ದ್ರವವನ್ನು ಮೇಲಕ್ಕೆ, ಡಬ್ಬಿಯ ಕಡೆಗೆ ತಳ್ಳುತ್ತವೆ. ಹಿಡಿ ಬಿಟ್ಟಿರುವಾಗ ಡಬ್ಬಿಗೆ ಹೋಗುವ ಸಣ್ಣ ರಂಧ್ರ ತೆರೆದೇ ಇರುತ್ತದಷ್ಟೆ. ಮುಂದಿನ ತಿರುವಿನಲ್ಲಿ ಸವಾರ ಮತ್ತೆ ಹಿಡಿಯನ್ನು ಎಳೆಯುತ್ತಾನೆ. ಮೇಲಿನ ಪಿಸ್ಟನ್ನು ಒಂದು ಸಲ ಪೂರ್ತಿ ಚಲಿಸಿದರೆ ತಳ್ಳಬಲ್ಲ ದ್ರವ ಒಂದು ಘನ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಆ ಚಲನೆಯೆಲ್ಲ ಗುಳ್ಳೆಗಳನ್ನು ಅಮುಕಿ ಆ ಖಾಲಿ ಜಾಗವನ್ನು ತುಂಬುವುದಕ್ಕೇ ವೆಚ್ಚವಾಗುತ್ತದೆ. ಹಿಡಿ ಮೆತ್ತಗಾಗಿ ಹ್ಯಾಂಡಲಿಗೆ ತಾಗುತ್ತದೆ. ಬ್ರೇಕು ಹಿಡಿಯುವುದಿಲ್ಲ. ಇಷ್ಟು ಅನಾಹುತಕ್ಕೆ ಎಷ್ಟು ನೀರು ಆವಿಯಾಗಬೇಕು? ನೀರು ಆವಿಯಾದಾಗ ಅದರ ಗಾತ್ರ ಸುಮಾರು ೧,೬೦೦ ಪಟ್ಟು ಹಿಗ್ಗುತ್ತದೆ. ಒಂದೂಕಾಲು ಘನ ಸೆಂಟಿಮೀಟರು ಆವಿಗೆ ಒಂದು ಹನಿಯ ಐವತ್ತರಲ್ಲೊಂದು ಪಾಲು ನೀರೂ ಬೇಕಾಗಿಲ್ಲ.

ಪ್ಯಾಡು ಕಾದು ಬ್ರೇಕು ಸೋಲುವುದು ಬೇರೆ, ದ್ರವ ಕುದಿದು ಸೋಲುವುದು ಬೇರೆ. ಮೊದಲನೆಯದರಲ್ಲಿ ಹಿಡಿ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲದು. ಎರಡನೆಯದರಲ್ಲಿ ಹಿಡಿಯೇ ಕೈಗೆ ಸಿಕ್ಕದಂತಾಗುತ್ತದೆ. ಎರಡನೆಯದಕ್ಕೆ ಇನ್ನೊಂದು ದುರ್ಗುಣವೂ ಇದೆ. ಗಾಡಿ ತಣ್ಣಗಾದೊಡನೆ ಆವಿ ಮರಳಿ ದ್ರವವಾಗುತ್ತದೆ, ಬ್ರೇಕು ಮೊದಲಿನಂತೆಯೇ ಹಿಡಿಯುತ್ತದೆ. ಮರುದಿನ ಮೆಕ್ಯಾನಿಕ್ಕನ ಬಳಿಗೆ ಒಯ್ದರೆ ಅವನಿಗೆ ಕಾಣುವ ದೋಷ ಯಾವುದೂ ಇಲ್ಲ. ಸಾಕ್ಷಿಯನ್ನು ಉಳಿಸದೆ ಹೋಗುವ ಅಪರಾಧಿಯಂತೆ ಇದು. ಬೆಟ್ಟದಲ್ಲಿ ಆದ ಅಪಘಾತಕ್ಕೆ ಸವಾರನ ವೇಗವನ್ನೋ ರಸ್ತೆಯ ಮರಳನ್ನೋ ಹಳಿದು ನಾವು ಸುಮ್ಮನಾಗುವುದುಂಟು. ಡಬ್ಬಿಯೊಳಗಿನ ಹಳೆಯ ದ್ರವವನ್ನು ಯಾರೂ ವಿಚಾರಣೆಗೆ ಕರೆಯುವುದಿಲ್ಲ.

ಓಡಿದ ದೂರದ ಲೆಕ್ಕ ಎಷ್ಟು ಮೋಸದ್ದೆಂಬುದಕ್ಕೆ ಇನ್ನೊಂದು ವಾಹನವನ್ನು ನೋಡಿ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಹೊರವಲಯದ ವಿಹಾರಧಾಮಗಳಲ್ಲಿಯೂ ಸಾಹಸಕ್ರೀಡೆಯ ಬಯಲುಗಳಲ್ಲಿಯೂ ದಪ್ಪ ಟಯರಿನ, ನಾಲ್ಕು ಚಕ್ರದ, ಮೋಟಾರು ಸೈಕಲಿನಂಥ ಹ್ಯಾಂಡಲುಳ್ಳ ಗಾಡಿಗಳು ಕಾಣಿಸಿಕೊಂಡಿವೆ. 'ಎ.ಟಿ.ವಿ.' ಎಂದು ಅವುಗಳ ಹೆಸರು, ಎಂದರೆ ಎಲ್ಲ ಬಗೆಯ ನೆಲದಲ್ಲೂ ಓಡುವ ಬಂಡಿ. ಸಾರ್ವಜನಿಕ ರಸ್ತೆಯಲ್ಲಿ ಇವನ್ನು ಸಾಮಾನ್ಯವಾಗಿ ಓಡಿಸುವಂತಿಲ್ಲ. ಒಂದು ಸುತ್ತಿಗೆ ಇಷ್ಟು ಎಂದು ಹಣ ಕೊಟ್ಟು ಕಾಲೇಜು ಹುಡುಗರು ಕೆಸರಿನಲ್ಲಿ ಓಡಿಸಿ ನಲಿಯುತ್ತಾರೆ. ಇಂಥ ಗಾಡಿ ವರ್ಷವಿಡೀ ಓಡಿದರೂ ಕಿಲೋಮೀಟರು ಹೆಚ್ಚಾಗದು. ಆದರೆ ಅದರ ಬ್ರೇಕಿನ ಪಾಡೇನು? ಚಕ್ರಕ್ಕೆ ಮೆತ್ತಿದ ಕೆಸರು ಶಾಖವನ್ನು ಹೊರಗೆ ಬಿಡದು. ಹೊಸಬರು ಬ್ರೇಕನ್ನು ಒತ್ತಿಕೊಂಡೇ ಓಡಿಸುತ್ತಾರೆ. ಸಂಜೆ ನೀರನ್ನು ಜೋರಾಗಿ ಹಾಯಿಸಿ ತೊಳೆಯುತ್ತಾರೆ. ಮಳೆ ಹೆಚ್ಚಾದರೆ ತಿಂಗಳುಗಟ್ಟಲೆ ತೇವದ ಕೊಟ್ಟಿಗೆಯಲ್ಲಿ ನಿಲ್ಲಿಸುತ್ತಾರೆ. ನೀರು ಸೇರುವುದಕ್ಕೆ ಇದಕ್ಕಿಂತ ಅನುಕೂಲವಾದ ಬಾಳು ಬೇರೆ ಇಲ್ಲ. ಬಾಡಿಗೆಗೆ ಕೊಡುವ ಗಾಡಿಯ ಒಡೆಯ ದೂರದ ಮೀಟರನ್ನು ನೋಡಿ ದ್ರವ ಇನ್ನೂ ಹೊಸದೆಂದು ನಂಬಿದರೆ ಹಾನಿಗೆ ಗುರಿಯಾಗುವವರು ಅವನ ಗಿರಾಕಿಗಳು. ಅಂಥ ಗಾಡಿಗಳಿಗೆ ವರ್ಷಕ್ಕೊಮ್ಮೆ ದ್ರವ ಬದಲಾಯಿಸಿದರೂ ಅದನ್ನು ದುಂದೆಂದು ನಾನು ಹೇಳಲಾರೆ.

ಇದಕ್ಕೆ ವಿರುದ್ಧವಾಗಿ ಕೇಳಿಬರುವ ಮಾತನ್ನೂ ಪರಿಶೀಲಿಸಬೇಕು. "ಎಂಟು ವರ್ಷದಿಂದ ಬದಲಾಯಿಸಿಲ್ಲ, ಏನೂ ಆಗಿಲ್ಲ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಲಿಂಗರಾಜಪುರದ ಮೇಲುಸೇತುವೆಯ ಮೇಲೆ ಸಂಜೆ ಆರು ಗಂಟೆಯ ವಾಹನಸಂದಣಿಯಲ್ಲಿ ಆಮೆಯಂತೆ ತೆವಳುವ ಸ್ಕೂಟರಿನ ಬ್ರೇಕು ೧೪೦ ಡಿಗ್ರಿಗೆ ಏರುವ ಸಂಭವ ಕಡಮೆಯೆಂಬುದನ್ನು ಭೌತಶಾಸ್ತ್ರವೇ ಹೇಳುತ್ತದೆ. ಹಿಂದೆ ಮುಂದೆ ಎರಡೂ ಕಡೆ ತಂತಿಯಿಂದ ಎಳೆಯುವ ಡ್ರಮ್ ಬ್ರೇಕುಳ್ಳ ಸ್ಕೂಟರುಗಳಲ್ಲಂತೂ ಈ ದ್ರವವೇ ಇಲ್ಲ. ಅವರು ಈ ಲೇಖನವನ್ನು ಕುತೂಹಲಕ್ಕಾಗಿ ಓದಬಹುದು. ಆದರೆ ಏನೂ ಆಗಿಲ್ಲವೆಂಬುದು ದ್ರವದ ಯೋಗ್ಯತೆಗೆ ಪ್ರಮಾಣವಾಗದು. ಅದನ್ನು ಪರೀಕ್ಷೆಗೆ ಒಡ್ಡಿಲ್ಲ ಎಂಬುದಕ್ಕೆ ಮಾತ್ರ ಪ್ರಮಾಣ. ಪರೀಕ್ಷೆ ಬರುವುದು ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ, ಇಬ್ಬರು ಕುಳಿತು ಇಳಿಯುವಾಗ. ಜೊತೆಗೆ ಕುದಿಯುವುದೊಂದೇ ಕೇಡಲ್ಲ. ಒಳಸೇರಿದ ನೀರು ಸಿಲಿಂಡರಿನ ಒಳಮೈಯನ್ನೂ ಪಿಸ್ಟನ್ನನ್ನೂ ತುಕ್ಕಿಗೆ ಒಡ್ಡುತ್ತದೆ. ದ್ರವದಲ್ಲಿ ತುಕ್ಕನ್ನು ತಡೆಯಲು ಬೆರೆಸಿದ ರಾಸಾಯನಿಕಗಳೂ ಕಾಲಕ್ರಮದಲ್ಲಿ ಕ್ಷೀಣಿಸುತ್ತವೆ. ೧೨೫ ಘನ ಸೆಂಟಿಮೀಟರಿಗಿಂತ ದೊಡ್ಡ ಎಂಜಿನ್ನಿನ ದ್ವಿಚಕ್ರ ವಾಹನಗಳಿಗೆ ನಮ್ಮ ದೇಶದಲ್ಲಿ ೨೦೧೮ರ ಏಪ್ರಿಲಿನಿಂದ ಹೊಸ ಮಾದರಿಗಳಿಗೂ, ೨೦೧೯ರ ಏಪ್ರಿಲಿನಿಂದ ಎಲ್ಲ ಹೊಸ ವಾಹನಗಳಿಗೂ, ಚಕ್ರ ಜಾಮಾಗದಂತೆ ತಡೆಯುವ 'ಎ.ಬಿ.ಎಸ್.' ಕಡ್ಡಾಯವಾಗಿದೆ. ಅದರ ಸೂಕ್ಷ್ಮ ಕವಾಟಗಳಿಗೆ ಕೊಳಕು ದ್ರವ ಒಗ್ಗದು, ಮತ್ತು ಆ ಭಾಗ ಕೆಟ್ಟರೆ ತೆರಬೇಕಾದ ಹಣಕ್ಕೂ ಒಂದು ಬಾಟಲಿ ದ್ರವದ ಬೆಲೆಗೂ ಹೋಲಿಕೆಯೇ ಇಲ್ಲ.

ಮೆಕ್ಯಾನಿಕ್ಕುಗಳನ್ನು ದೂರುವುದು ಸುಲಭ. ನಾನು ದೂರಲಾರೆ. ನಮ್ಮ ಬೀದಿಯ ಮೆಕ್ಯಾನಿಕ್ಕನೊಬ್ಬನನ್ನು ಈ ವಿಷಯ ಕೇಳಿದಾಗ ಅವನು ಹೇಳಿದ್ದು ಇದು: "ಬದಲಾಯಿಸೋಣ ಅಂದ್ರೆ, ಬ್ರೇಕ್ ಹಿಡೀತಿದೆಯಲ್ಲ, ಬಿಲ್ ಜಾಸ್ತಿ ಮಾಡೋಕೆ ಹೇಳ್ತೀಯ ಅಂತಾರೆ ಸಾರ್. ಅದಕ್ಕೆ ಕಡಿಮೆ ಆಗಿದ್ರೆ ಮೇಲೆ ಒಂದಿಷ್ಟು ಹಾಕಿ ಕಳಿಸ್ತೀನಿ." ತಪ್ಪು ಗಿರಾಕಿಯದು. ಆದರೆ ಮೇಲೆ ಹಾಕುವುದೆಂಬ ಈ ಪದ್ಧತಿಯಿಂದ ಪ್ರಯೋಜನವಿಲ್ಲ. ಕೆಟ್ಟ ದ್ರವ ಇರುವುದು ಕೆಳಗೆ, ಚಕ್ರದ ಬಳಿ. ಮೇಲೆ ಸುರಿದ ಹೊಸ ದ್ರವ ತಾನಾಗಿ ಅಲ್ಲಿಗೆ ಇಳಿಯದು, ಎಂಜಿನ್ ಆಯಿಲಿನಂತೆ ಇದು ಸುತ್ತು ತಿರುಗುವುದಿಲ್ಲ. ಮೇಲಾಗಿ ಡಬ್ಬಿಯ ಮಟ್ಟ ಇಳಿದಿರುವುದು ಪ್ಯಾಡು ಸವೆದಿರುವುದರ ಸೂಚನೆ. ಮೇಲೆ ತುಂಬಿಸಿ ಆ ಸೂಚನೆಯನ್ನು ಅಳಿಸಿಹಾಕಿದಂತಾಗುತ್ತದೆ. ಬಣ್ಣ ನೋಡಿ ತೀರ್ಮಾನಿಸುವುದೂ ಸರಿಯಲ್ಲ. ನೀರಿಗೆ ಬಣ್ಣವಿಲ್ಲವಾದುದರಿಂದ ತಿಳಿಯಾಗಿ ಕಾಣುವ ದ್ರವದಲ್ಲಿಯೂ ಅದು ಇರಬಹುದು. ಕಪ್ಪಾಗಿದ್ದರೆ ಬದಲಾಯಿಸಬೇಕೆಂಬುದು ನಿಜ, ಕಪ್ಪಾಗಿಲ್ಲವಾದರೆ ಬೇಡವೆಂಬುದು ನಿಜವಲ್ಲ.

ವಾಹನ ತಯಾರಕರ ಕೈಪಿಡಿಗಳಲ್ಲಿ ಹೆಚ್ಚಿನವು ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಾಯಿಸಿ ಎನ್ನುತ್ತವೆ. ಕೈಪಿಡಿಯನ್ನು ಓದುವವರು ಯಾರು? ಅದಕ್ಕಾಗಿ ನನ್ನದೊಂದು ಸಲಹೆ. ಆಯುಧಪೂಜೆಯ ದಿನ ಗಾಡಿಯನ್ನು ತೊಳೆದು, ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣಿಡದ ಮನೆ ನಮ್ಮಲ್ಲಿ ಕಡಮೆ. ಹಬ್ಬ ಬೀಳುವುದು ಮಳೆಗಾಲ ಮುಗಿಯುತ್ತ ಬಂದಾಗ. ಒಂದು ಬಿಟ್ಟು ಒಂದು ಆಯುಧಪೂಜೆಗೆ ಬ್ರೇಕಿನ ದ್ರವ ಬದಲಾಗಲಿ. ಹಬ್ಬವನ್ನು ಆಚರಿಸದ ಮನೆಗಳೂ ಲಿಂಗರಾಜಪುರದಲ್ಲಿ ಬೇಕಾದಷ್ಟಿವೆ. ಅವರು ಕ್ರಿಸ್‌ಮಸ್ಸನ್ನೋ ಈದನ್ನೋ ಗಾಡಿ ಕೊಂಡ ದಿನವನ್ನೋ ಆರಿಸಿಕೊಳ್ಳಬಹುದು. ಎಂಜಿನ್ ಆಯಿಲಿಗೆ ಗ್ಯಾರೇಜಿನವರು ಮುಂದಿನ ಕಿಲೋಮೀಟರು ಬರೆದ ಚೀಟಿ ಅಂಟಿಸುವರಷ್ಟೆ. ಅದರ ಪಕ್ಕದಲ್ಲಿಯೇ ಬ್ರೇಕಿಗೆ ಒಂದು ತಾರೀಕನ್ನು ಬರೆದು ಅಂಟಿಸಿದರೆ ಖರ್ಚೇನೂ ಇಲ್ಲ.

ಬದಲಾಯಿಸುವ ಕೆಲಸ ಹೇಗೆ ನಡೆಯಬೇಕೆಂಬುದನ್ನು ಗಾಡಿಯ ಒಡೆಯ ತಿಳಿದಿರಬೇಕು, ತಾನೇ ಮಾಡದಿದ್ದರೂ ನಿಂತು ನೋಡುವುದಕ್ಕಾಗಿ. ಮುಚ್ಚಳದ ಸುತ್ತಣ ಧೂಳನ್ನು ಮೊದಲು ಒರೆಸಬೇಕು. ಹೊಸ ದ್ರವ ಮೊಹರು ಒಡೆಯದ ಬಾಟಲಿಯದಾಗಿರಬೇಕು. ಈ ಎರಡು ಎಚ್ಚರಿಕೆಗಳೂ ಅನೇಕ ಗಾಡಿಗಳ ಮುಚ್ಚಳದ ಮೇಲೆಯೇ ಇಂಗ್ಲಿಷಿನಲ್ಲಿ ಕೆತ್ತಿರುತ್ತವೆ. ತಿಂಗಳ ಹಿಂದೆ ಒಡೆದು ಬೀರುವಿನಲ್ಲಿಟ್ಟ ದೊಡ್ಡ ಬಾಟಲಿಗಿಂತ ಆಗತಾನೆ ತೆರೆದ ಪುಟ್ಟ ಬಾಟಲಿ ಮೇಲು. ಡಬ್ಬಿಯ ಹಳೆಯ ದ್ರವವನ್ನು ಹೀರಿ ತೆಗೆದು ಹೊಸದನ್ನು ತುಂಬಿ, ಚಕ್ರದ ಬಳಿಯ ನಿಪ್ಪಲಿಗೆ ಪಾರದರ್ಶಕವಾದ ಸಣ್ಣ ಕೊಳವೆಯನ್ನು ಸಿಕ್ಕಿಸಿ, ಅದರ ತುದಿಯನ್ನು ಒಂದು ಸೀಸೆಗೆ ಬಿಡುತ್ತಾರೆ. ಹಿಡಿಯನ್ನು ಒತ್ತಿ ಹಿಡಿದು ನಿಪ್ಪಲನ್ನು ಸ್ವಲ್ಪ ಸಡಿಲಿಸಿದರೆ ಹಳೆಯ ದ್ರವ ಹೊರಬೀಳುತ್ತದೆ. ನಿಪ್ಪಲನ್ನು ಬಿಗಿದ ಮೇಲೆಯೇ ಹಿಡಿಯನ್ನು ಬಿಡತಕ್ಕದ್ದು, ಇಲ್ಲವಾದರೆ ಗಾಳಿ ಒಳಕ್ಕೆ ಸೇರುತ್ತದೆ. ಡಬ್ಬಿ ಎಂದಿಗೂ ಬರಿದಾಗದಂತೆ ನೋಡಿಕೊಳ್ಳುತ್ತ, ಕೊಳವೆಯಲ್ಲಿ ಗುಳ್ಳೆಯಿಲ್ಲದ ಹೊಸ ದ್ರವ ಕಾಣುವ ತನಕ ಇದನ್ನು ಮತ್ತೆಮತ್ತೆ ಮಾಡಬೇಕು. ಚೆಲ್ಲಿದ ದ್ರವ ಬಣ್ಣವನ್ನು ಕಿತ್ತುಹಾಕುತ್ತದೆ, ತಕ್ಷಣ ನೀರು ಸುರಿದು ತೊಳೆಯಬೇಕು. ಸೀಸೆಯಲ್ಲಿ ಉಳಿದದ್ದು ವಿಷ. ಅದನ್ನು ಚರಂಡಿಗೆ ಚೆಲ್ಲದೆ, ಕುಡಿಯುವ ನೀರಿನ ಬಾಟಲಿಯಲ್ಲಿಡದೆ, ಹಳ್ಳಿಯಾಗಲಿ ನಗರವಾಗಲಿ ಬಳಸಿದ ತೈಲ ಮೊದಲಾದವನ್ನು ಸಂಗ್ರಹಿಸುವ ಗ್ಯಾರೇಜಿಗೆ ಬೇರೆಯಾಗಿಯೇ ಕೊಡಬೇಕು. ಎ.ಬಿ.ಎಸ್. ಇರುವ ಕೆಲವು ಗಾಡಿಗಳಿಗೆ ತಯಾರಕರ ವರ್ಕ್‌ಷಾಪಿನ ಉಪಕರಣವೇ ಬೇಕಾಗಬಹುದು. ಕೆಲಸ ಮುಗಿದ ಮೇಲೆ ಹಿಡಿ ಗಟ್ಟಿಯಾಗಿದೆಯೆಂದು ನೋಡಿ, ಸಮತಟ್ಟಾದ ಜಾಗದಲ್ಲಿ ನಡಿಗೆಯ ವೇಗದಲ್ಲಿ ಪರೀಕ್ಷಿಸದೆ ರಸ್ತೆಗೆ ಇಳಿಯಕೂಡದು. ಅನುಭವವಿಲ್ಲದವರು ಮೊದಲ ಸಲ ಒಬ್ಬ ಮೆಕ್ಯಾನಿಕ್ಕನನ್ನು ಜೊತೆಗಿಟ್ಟುಕೊಂಡೇ ಮಾಡುವುದು ವಿವೇಕ.

ಕಾಲೇಜುಗಳ ಬಗ್ಗೆ ಒಂದು ಮಾತು ಉಳಿದಿದೆ. ಪಾಸ್ಕಲನ ನಿಯಮವನ್ನು ಕಲಿಸುವಾಗ 'ಅಮುಕಲಾಗದ ದ್ರವ' ಎಂದು ಹೇಳಿ ಮುಂದೆ ಸಾಗುವ ನಾವು ಉಪಾಧ್ಯಾಯರು, ಆ ಷರತ್ತು ಯಾವಾಗ ಮುರಿಯುತ್ತದೆಂಬುದನ್ನೂ ಪಾಠದ ಭಾಗವನ್ನಾಗಿ ಮಾಡಬೇಕು. ಪ್ರಯೋಗ ಬೇಕೆನ್ನುವವರಿಗೆ ಸುಲಭವಾದದ್ದೊಂದುಂಟು. ದ್ರವವನ್ನು ಕಾಯಿಸುವ ಗೊಡವೆಗೆ ಹೋಗಬೇಡಿ, ಅದರ ಆವಿಗೆ ಬೆಂಕಿ ಹತ್ತಬಹುದು. ಒಂದೇ ಹೊಸ ಬಾಟಲಿಯಿಂದ ಎರಡು ಗಾಜಿನ ತಟ್ಟೆಗಳಿಗೆ ಸಮಸಮನಾಗಿ ದ್ರವವನ್ನು ಹಾಕಿ ಎರಡನ್ನೂ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ. ಒಂದನ್ನು ತೇವಹೀರುವ ಸಿಲಿಕಾ ಹರಳುಗಳೊಡನೆ ಡೆಸಿಕೇಟರಿನಲ್ಲಿಡಿ. ಇನ್ನೊಂದನ್ನು ಧೂಳು ಬೀಳದಂತೆ ತೆಳುಬಟ್ಟೆ ಮುಚ್ಚಿ ಪ್ರಯೋಗಶಾಲೆಯ ಕಿಟಕಿಯ ಬಳಿ ಇಡಿ. ಜುಲೈ ತಿಂಗಳಲ್ಲಿ ಮೊದಲುಮಾಡಿ ದಿನಕ್ಕೊಮ್ಮೆ ತೂಗುತ್ತ, ಆ ದಿನದ ಆರ್ದ್ರತೆಯನ್ನೂ ಪಕ್ಕದಲ್ಲಿ ಬರೆದು ಗ್ರಾಫು ಎಳೆಯಿರಿ. ಕಿಟಕಿಯ ಬಳಿಯ ತಟ್ಟೆ ತೂಕದಲ್ಲಿ ಏರುತ್ತ ಹೋಗುವುದನ್ನು ನೀವೇ ಕಾಣುವಿರಿ. ತೂಕ ಶೇಕಡಾ ೪ರಷ್ಟು ಏರಲು ಎಷ್ಟು ದಿನ ಹಿಡಿಯಿತೆಂಬುದನ್ನು ಈ ಪತ್ರಿಕೆಗೆ ಬರೆದು ತಿಳಿಸಿದರೆ, ಮಂಗಳೂರಿನ ಕಾಲೇಜಿನ ಅಂಕಿಗಳನ್ನೂ ಕಲಬುರಗಿಯ ಕಾಲೇಜಿನ ಅಂಕಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.